ಎಸ್‌ಎಸ್‌ಡಿಯ ಜ್ವರ ನೋಡುತ್ತಿದ್ದ ಅಕ್ಕ

ರಿಪೇರಿಯಕ್ಕನ ಬಲಗೈ ಬೆರಳುಗಳ ಹಿಂಭಾಗದಲ್ಲಿ ಸಣ್ಣಸಣ್ಣ ಸುಟ್ಟ ಕಲೆಗಳಿದ್ದವು. ವಿಡಿಯೊ, ಫೋಟೊ ಕೂಡಿಡುವ ಯಾವ ಹೊಸ ಎಸ್‌ಎಸ್‌ಡಿ ಬಂದರೂ ಅದರ ತುಂಬ ಫೈಲು ತುಂಬಿಸುತ್ತಾ, ಮಗುವಿನ ಹಣೆ ಮುಟ್ಟುವ ಹಾಗೆ ಆ ಬೆರಳು ತಾಗಿಸಿ ಜ್ವರ ನೋಡುತ್ತಿದ್ದರು. ಸಂತೆಕಟ್ಟೆಯ ಗೂಡಿನಂಥ ತಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಗೆ ಅವರು ದಿನಾ ಕಾರ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದರು.

"ಡಬ್ಬದ ಮೇಲೆ ಬರೆದ ಸ್ಪೀಡು ಶುರುವಿಗೆ ಮಾತ್ರ ಮಾರಾಯ. ಮೊದಲು ಗಡಿಬಿಡಿಯಲ್ಲಿ ಫೈಲನ್ನೆಲ್ಲ ಜಗಲಿಯಲ್ಲಿ ಇಳಿಸಿಕೊಳ್ಳುತ್ತದೆ. ಜಗಲಿ ತುಂಬಿದ ಮೇಲೆ ಒಳಗೆ ಜೋಡಿಸುವುದು ಉಂಟಲ್ಲ, ಅದನ್ನು ನಡೆಸುವ ಕಂಟ್ರೋಲರ್ ಚಿಪ್ಪಿನ ಯೋಗ್ಯತೆ ಗೊತ್ತಾಗುವುದು ಆಗ" ಎನ್ನುತ್ತಿದ್ದರು.

ನಾನು ಮದುವೆಯ ವಿಡಿಯೊ ತೆಗೆಯುವವನು. ಈ ಪಾಠವನ್ನು ಹತ್ತು ಸಲ ಕೇಳಿ ಹತ್ತು ಸಲವೂ ತಲೆಯಾಡಿಸಿದ್ದೆ, ಅಷ್ಟೆ.

ಕಾಪುವಿನ ಒಂದು ಮದುವೆಯ ವಿಡಿಯೊ ನನ್ನ ಹೊಸ ಎಸ್‌ಎಸ್‌ಡಿಯಲ್ಲಿತ್ತು. ಕ್ಯಾಮೆರಾದ ಕಾರ್ಡು ಆಗಲೇ ಅಳಿಸಿಯಾಗಿತ್ತು. ಮದುವೆಯಾದ ವಾರಕ್ಕೇ ಹುಡುಗಿಯ ತಂದೆ ತೀರಿಕೊಂಡರು. "ಅಪ್ಪ ಧಾರೆ ಎರೆದದ್ದು ಒಮ್ಮೆ ತೋರಿಸಿ ಅಣ್ಣ" ಎಂದು ಅವಳು ಫೋನಿನಲ್ಲಿ ಕೇಳಿದಳು. ಅದರ ಮರುದಿನವೇ, ಬೇರೊಂದು ಮದುವೆಯ ವಿಡಿಯೊವನ್ನು ಅದೇ ಎಸ್‌ಎಸ್‌ಡಿಗೆ ಹಾಕುತ್ತಿದ್ದಾಗ, ಓಡುತ್ತಿದ್ದ ಸ್ಪೀಡು ಇದ್ದಕ್ಕಿದ್ದಂತೆ ತೆವಳತೊಡಗಿತು. ಕೆಟ್ಟು ನಿಂತಿತೆಂದು ಕೇಬಲನ್ನು ಎಳೆದುಬಿಟ್ಟೆ. ನನ್ನ ಬುದ್ಧಿಗಿಷ್ಟು! ಆಮೇಲೆ ಯಾವ ಕಂಪ್ಯೂಟರಿಗೆ ಹಾಕಿದರೂ ಅದು ಕಾಣಿಸಲೇ ಇಲ್ಲ.

ಅದನ್ನು ಹಿಡಿದುಕೊಂಡು ಸಂತೆಕಟ್ಟೆಗೆ ಓಡಿದೆ. ಅಕ್ಕ ಬೈಯಲಿಲ್ಲ. ಎಸ್‌ಎಸ್‌ಡಿಯನ್ನು ಕಂಪ್ಯೂಟರಿಗೆ ಹಾಕದೆ ಮೊಬೈಲಿನ ಚಾರ್ಜರಿಗೆ ಸಿಕ್ಕಿಸಿ, ಬೆರಳು ತಾಗಿಸಿ ಕುಳಿತರು.

"ಇದೆಂತ ಅಕ್ಕ, ಚಾರ್ಜ್ ಮಾಡುವುದಾ?"

"ಯಾವುದು ಎಲ್ಲಿಟ್ಟಿದ್ದು ಅಂತ ಅದಕ್ಕೆ ಮರೆತುಹೋಗಿದೆ. ಕರೆಂಟು ಮಾತ್ರ ಕೊಡುವ. ನಾವು ಏನೂ ಕೇಳದಿದ್ದರೆ ಅದೇ ಹುಡುಕಿಕೊಂಡರೂ ಹುಡುಕಿಕೊಂಡೀತು. ನೀನು ಮುಟ್ಟಬೇಡ."

ಅರ್ಧ ಗಂಟೆ ಕಳೆಯಿತು. ತೆಗೆದು, ಮತ್ತೆ ಸಿಕ್ಕಿಸಿದರು. ನನಗೆ ಕೂರಲೂ ಆಗಲಿಲ್ಲ. ಒಮ್ಮೆ ನನ್ನ ಕೈ ಹಿಡಿದು ಬೆರಳ ಹಿಂಭಾಗವನ್ನು ಅದಕ್ಕೆ ತಾಗಿಸಿದರು. ಬೆಚ್ಚಗಿತ್ತು. "ನೋಡು, ಸತ್ತದ್ದಲ್ಲ. ಕೆಲಸದಲ್ಲಿ ಉಂಟು" ಎಂದರು. ಉಗುರಿನಷ್ಟು ಅಗಲದ ಚಿಪ್ಪೊಂದು, ಯಾರೂ ಹೇಳದೆ, ಕತ್ತಲಲ್ಲಿ ಲಕ್ಷಾಂತರ ತುಣುಕುಗಳ ವಿಳಾಸವನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿತ್ತು! ನನ್ನ ಮೈ ಜುಮ್ಮೆಂದಿತು. ಅದಕ್ಕಿಂತಲೂ, ಅದನ್ನು ಬೆರಳಲ್ಲೇ ತಿಳಿದ ಈ ಹೆಂಗಸಿನ ಎದುರು ನಾನು ಬೆರಗಾಗಿ ನಿಂತಿದ್ದೆ.

ಕೊನೆಗೆ ಅದನ್ನು ಕಂಪ್ಯೂಟರಿಗೆ ಹಾಕಿದಾಗ ಪರದೆಯ ಮೇಲೆ ಕಾಪುವಿನ ಮಂಟಪ ಮೂಡಿತು. ತಂದೆಯ ಕೈಯಿಂದ ಧಾರೆಯ ನೀರು ಬೀಳುತ್ತಿತ್ತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಮೊದಲು ಎರಡು ಕಾಪಿ ಮಾಡು" ಎಂದು ಗದರಿದರು.

ಕಳೆದ ವರ್ಷ ಅಕ್ಕ ತೀರಿಹೋದರು. ಕಾರ್ಕಳದ ಮನೆಯಲ್ಲಿ ಎಲ್ಲರೂ ಅವರ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದರು. ನಾನು ಮಾತ್ರ, ಯಾಕೆಂದು ತಿಳಿಯದೆ, ಬೆರಳ ಹಿಂಭಾಗವನ್ನು ಅವರ ಕೈಗೆ ತಾಗಿಸಿದೆ. ತುಂಬ ಹೊತ್ತು ಹಾಗೆಯೇ ಕಾದೆ.