ಉತ್ತರ ಬರೆಯುವವನ ಅಣ್ಣ

ಸಾರಿಗೆ ಸಚಿವಾಲಯದ ಎರಡನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದ ಅವನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಉತ್ತರಪ್ಪ. ಸಂಸತ್ತಿನಲ್ಲಿ ಸದಸ್ಯರು ಕೇಳುವ ಪ್ರಶ್ನೆಗಳಿಗೆ ಮಂತ್ರಿಗಳು ಎದ್ದುನಿಂತು ಓದುತ್ತಾರಲ್ಲ, ಆ ಉತ್ತರಗಳನ್ನು ಬರೆದುಕೊಡುವುದೇ ಅವನ ಕೆಲಸ. ಅದರಲ್ಲೂ ಎಲೆಕ್ಟ್ರಿಕ್ ವಾಹನಗಳ ಪ್ರಶ್ನೆ ಬಂತೆಂದರೆ ನೆಟ್ಟಗೆ ಅವನ ಮೇಜಿಗೇ ಬರುತ್ತಿತ್ತು. ಆ ವಾಹನಗಳ ಬಗ್ಗೆ ಅವನಿಗೆ ಬಹಳ ಗೊತ್ತಿತ್ತು ಎಂದಲ್ಲ. ಗೊತ್ತಿದ್ದದ್ದನ್ನು ಹೇಳದೆ ಪುಟ ತುಂಬಿಸುವ ವಿದ್ಯೆ ಅವನಿಗೆ ಕರಗತವಾಗಿತ್ತು.

ಅಡ್ಡಗೋಡೆಯ ಮೇಲೆ ದೀಪ ಇಡುವುದು ಯಾರಿಗಾದರೂ ಬರುತ್ತದೆ, ಆ ಗೋಡೆಯನ್ನೂ ತಾನೇ ಕಟ್ಟಿ, ದೀಪವನ್ನೂ ಇಟ್ಟು, ಎರಡೂ ಕಡೆಯವರಿಂದ ಶಹಭಾಸ್ ಅನ್ನಿಸಿಕೊಳ್ಳುವವನು ನಾನೊಬ್ಬನೇ ಎಂದು ಕ್ಯಾಂಟೀನಿನಲ್ಲಿ ಕೂತು ತನ್ನನ್ನೇ ಆಡಿಕೊಳ್ಳುತ್ತಿದ್ದ. ಬೇರೆಯವರು ಶುರು ಮಾಡುವ ಮುಂಚೆ ತಾನೇ ಆಡಿಕೊಂಡುಬಿಟ್ಟರೆ ಅವರ ಬಾಯಿಗೆ ಕೆಲಸ ಉಳಿಯುವುದಿಲ್ಲ ಎಂಬುದು ಅವನ ಜಾಣತನ. ಚಾರ್ಜಿಂಗ್ ಕೇಂದ್ರಗಳು ಎಷ್ಟಿವೆ ಎಂದು ಸದಸ್ಯರು ಕೇಳಿದರೆ, ಎಷ್ಟು ಆಗಲಿವೆ ಎಂದು ಬರೆಯುತ್ತಿದ್ದ. ಯಾವಾಗ ಆಗುತ್ತವೆ ಎಂದರೆ, ಎಲ್ಲೆಲ್ಲಿ ಎಂದು ಬರೆಯುತ್ತಿದ್ದ. ಎಲ್ಲಿ ಎಂದೇ ಕೇಳಿಬಿಟ್ಟರೆ, ಸರ್ಕಾರ ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಿದೆ. ಸಚಿವಾಲಯದ ಅಂಗಳದಲ್ಲಿ ಪ್ರದರ್ಶನಕ್ಕೆಂದು ನೆಟ್ಟಿದ್ದ ಚಾರ್ಜಿಂಗ್ ಕಂಬದ ಪಕ್ಕ ಒಂದು ಮರವಿತ್ತು. ನೆರಳು ಚೆನ್ನಾಗಿದೆ ಎಂದು ದಿನವೂ ತನ್ನ ಹಳೆಯ ಪೆಟ್ರೋಲ್ ಸ್ಕೂಟರನ್ನು ಆ ಕಂಬದ ಬುಡದಲ್ಲೇ ನಿಲ್ಲಿಸುತ್ತಿದ್ದವನೂ ಅವನೇ.

ಈ ಚಾಳಿ ಕಚೇರಿಯ ಬಾಗಿಲಲ್ಲೇ ಬಿಟ್ಟುಬರುವಂಥದ್ದಾಗಿರಲಿಲ್ಲ. ಊಟಕ್ಕೆ ಕೂತಾಗ ಹೆಂಡತಿ ಉಪ್ಪು ಸರಿಯಿದೆಯಾ ಎಂದು ಕೇಳಿದರೆ, ಸಮಾಧಾನಕರವಾಗಿದೆ, ಸುಧಾರಣೆಗೆ ಅವಕಾಶವಿದೆ ಎನ್ನುತ್ತಿದ್ದ. ಅವಳು ಉಪ್ಪಿನ ಡಬ್ಬಿಯನ್ನೇ ತಂದು ಮುಂದೆ ಕುಕ್ಕುತ್ತಿದ್ದಳು.

ಆ ಸ್ಕೂಟರ್ ಇನ್ನೂ ಓಡುತ್ತಿದ್ದದ್ದು ಅವನ ಅಣ್ಣನ ದಯೆಯಿಂದ. ಅಪ್ಪ ಬೇಗ ತೀರಿಕೊಂಡಾಗ ಅಣ್ಣ ಪುಸ್ತಕ ಕೆಳಗಿಟ್ಟು ಪಾನಾ ಹಿಡಿದ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ತಗಡಿನ ಸೂರಿನ ಕೆಳಗೆ ಎಂಜಿನ್ ರಿಪೇರಿ ಅಂಗಡಿ ಹಾಕಿದ. ಆ ಅಂಗಡಿಯಿಂದಲೇ ಮನೆ ನಡೆಯಿತು, ತಂಗಿಯ ಮದುವೆಯಾಯಿತು, ತಮ್ಮನ ಓದು ಮುಗಿಯಿತು. ಉತ್ತರಪ್ಪನ ಪದವಿಗೆ ಮೂಗು ಹಚ್ಚಿ ನೋಡಿದರೆ ಈಗಲೂ ಎಂಜಿನ್ ಆಯಿಲ್ ವಾಸನೆ ಬಂದೀತು. ಇದನ್ನೂ ಅವನೇ ಹೇಳಿಕೊಂಡು ನಗುತ್ತಿದ್ದ.

ಅಂಥ ಅಣ್ಣ ಒಂದು ಭಾನುವಾರ ಅವನನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸಿಕೊಂಡ. ನಗರದ ಬಸ್ ಡಿಪೋದಲ್ಲಿ ಹಳೆಯ ಮೆಕ್ಯಾನಿಕ್‌ಗಳಿಗೆ ಬ್ಯಾಟರಿ ಗಾಡಿಗಳ ರಿಪೇರಿ ಕಲಿಸುತ್ತಾರಂತೆ. ಈ ತಿಂಗಳ ಕೊನೆಯೊಳಗೆ ಹೆಸರು ಬರೆಸಬೇಕು, ಆಮೇಲೆ ಸೇರಿಸಿಕೊಳ್ಳುವುದಿಲ್ಲ. ಕ್ಲಾಸು ಬೆಳಗಿನ ಹೊತ್ತು. ಅಷ್ಟು ಹೊತ್ತು ಅಂಗಡಿ ಮುಚ್ಚಿದರೆ ಇದ್ದ ಗಿರಾಕಿಗಳೂ ಎದುರಿನ ಅಂಗಡಿಯವನ ಪಾಲಾಗುತ್ತಾರೆ. ತಲೆ ನರೆತ ಮೇಲೆ ಬೆಂಚಿನ ಮೇಲೆ ಕೂತು ಪಾಠ ಕೇಳಬೇಕು ಬೇರೆ.

"ನೀನು ಒಳಗೇ ಇರೋನು," ಅಂದ ಅಣ್ಣ. "ನಿಜ ಹೇಳು. ಇನ್ನು ಮುಂದೆ ಎಂಜಿನ್ ಕೆಲಸ ಇರುತ್ತಾ? ನಾನು ಹೋಗ್ಲಾ, ಬೇಡ್ವಾ?"

ಉತ್ತರಪ್ಪನಿಗೆ ಗೊತ್ತಿತ್ತು. ಹೊಸ ನೀತಿಯ ಕರಡು ವಾರದಿಂದ ಅವನ ಮೇಜಿನ ಮೇಲೇ ಇತ್ತು. ಇನ್ನು ಕೆಲವು ವರ್ಷಗಳಾದ ಮೇಲೆ ಹೊಸ ಪೆಟ್ರೋಲ್ ಗಾಡಿಗಳು ರಸ್ತೆಗೆ ಇಳಿಯುವುದೇ ಇಲ್ಲ ಎಂದು ಅದರಲ್ಲಿ ಬರೆದಿತ್ತು. ಆ ವಾಕ್ಯಕ್ಕೆ ಅಲ್ಪವಿರಾಮ ಹಾಕಿದವನೂ ಅವನೇ. ಹೋಗು ಅಣ್ಣ ಎಂದು ಎರಡು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತನ್ನನ್ನು ಸಾಕಿದ ಅಂಗಡಿಯನ್ನು ನೋಡಿಕೊಂಡು, ಅಣ್ಣನ ಕಪ್ಪಾದ ಉಗುರುಗಳನ್ನು ನೋಡಿಕೊಂಡು, ಇದೆಲ್ಲ ಇನ್ನು ನಡೆಯುವುದಿಲ್ಲ ಎನ್ನುವುದು ಉಂಡ ಮನೆಯ ಜಂತೆ ಎಣಿಸಿದ ಹಾಗೆ ಅನ್ನಿಸಿತು. ಅವನಿಗೆ ಭಯವಾಯಿತು. ಭಯವಾದಾಗ ಅವನ ಬಾಯಿಂದ ಸರ್ಕಾರ ಮಾತಾಡುತ್ತಿತ್ತು.

"ಏನೂ ಆಗಲ್ಲ ಅಣ್ಣ. ಎಲ್ಲಾ ಹಂತಹಂತವಾಗಿ ಮಾಡ್ತಾರೆ."

ಅಣ್ಣ ಹೂಂಗುಟ್ಟಿ ಕೈ ಒರೆಸಿಕೊಂಡ. ಮುಂದಿನ ಭಾನುವಾರ ಅತ್ತಿಗೆ ಅದನ್ನೇ ಕೇಳಿದಳು. ಅವಳಿಗೂ ಏನೂ ಆಗಲ್ಲ ಎಂದ. ಅದರ ಮುಂದಿನ ಭಾನುವಾರ ಯಾರೂ ಏನೂ ಕೇಳಲಿಲ್ಲ. ಇವನೇ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೊರಡುವಾಗ ಬಾಗಿಲಲ್ಲಿ ನಿಂತು ಏನೂ ಆಗಲ್ಲ ಅಣ್ಣ ಎಂದು ಹೇಳಿ ಬಂದ.

ತಿಂಗಳ ಕೊನೆಯ ವಾರ ಸಂಸತ್ತಿನಲ್ಲಿ ಎಲೆಕ್ಟ್ರಿಕ್ ವಾಹನ ನೀತಿಯ ಪ್ರಶ್ನೆ ಬಂತು. ಕೇಳಿದವರು ವಿರೋಧ ಪಕ್ಷದ ಹಿರಿಯ ಸದಸ್ಯೆಯೊಬ್ಬರು. ಒಂದು ಪ್ರಶ್ನೆಗೆ ಉತ್ತರ ಬರೆದರೆ ಸಾಲದು. ಅದರ ಬಾಲ ಹಿಡಿದುಕೊಂಡು ಸದಸ್ಯರು ನಿಂತಲ್ಲೇ ಏನೇನು ಕೇಳಬಹುದೋ ಅಷ್ಟನ್ನೂ ಮೊದಲೇ ಊಹಿಸಿ, ಅವಕ್ಕೂ ಉತ್ತರ ಬರೆದು, ಕಡತ ಮಾಡಿ ಮಂತ್ರಿಗಳ ಕೈಗೆ ಕೊಡಬೇಕು. ಆ ಕಡತಕ್ಕೆ ಒಂದು ಕಟ್ಟಳೆಯಿತ್ತು. ಕಪ್ಪು ಅಕ್ಷರದಲ್ಲಿ ಇರುವುದನ್ನು ಮಂತ್ರಿಗಳು ಗಟ್ಟಿಯಾಗಿ ಓದಬೇಕು. ಕೆಂಪು ಅಕ್ಷರದಲ್ಲಿ ಇರುವುದು ಅವರ ಕಣ್ಣಿಗೆ ಮಾತ್ರ. ಇಲ್ಲಿ ಮುಗುಳ್ನಗುವುದು, ಇಲ್ಲಿ ಹಿಂದಿನ ಸರ್ಕಾರವನ್ನು ನೆನೆಯುವುದು, ಇಂಥವೆಲ್ಲ ಕೆಂಪಿನಲ್ಲಿ ಇರುತ್ತಿದ್ದವು.

ಉತ್ತರಪ್ಪ ಪುಟದ ಮೇಲೆ ಪುಟ ಬರೆದ. ಬ್ಯಾಟರಿಗೆ ಬರೆದ, ತೆರಿಗೆಗೆ ಬರೆದ, ಹೊಗೆಗೆ ಬರೆದ. ಕೊನೆಗೆ, ಎಂಜಿನ್ ಮೆಕ್ಯಾನಿಕ್‌ಗಳ ಗತಿಯೇನು ಎಂದು ಕೇಳಿದರೆ ಎಂಬಲ್ಲಿಗೆ ಬಂದು ಅವನ ಕೈ ನಿಂತಿತು. ಡಿಪೋದಲ್ಲಿ ಹಿಡಿಸುವುದು ಬೆರಳೆಣಿಕೆಯ ಜನ, ಉಳಿದವರಿಗೆಂದು ನೀತಿಯಲ್ಲಿ ಒಂದು ಸಾಲೂ ಇರಲಿಲ್ಲ. ಎಷ್ಟು ಸಲ ಗೋಡೆ ಕಟ್ಟಿದರೂ ದೀಪ ನಿಲ್ಲಲಿಲ್ಲ. ಬೇಸತ್ತು, ಹೇಗೂ ಕೆಂಪು ಅಕ್ಷರ, ಯಾರು ಓದುತ್ತಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದುಬಿಟ್ಟ.

ಪ್ರಿಂಟರಿನಲ್ಲಿ ಕೆಂಪು ಶಾಯಿ ಮುಗಿದಿತ್ತು. ಸ್ಟೋರಿನವನು ಸೋಮವಾರ ಬರುತ್ತದೆ ಎಂದ, ಪ್ರಶ್ನೆ ಇದ್ದದ್ದು ಮರುದಿನ. ಉತ್ತರಪ್ಪ ಎಲ್ಲವನ್ನೂ ಕಪ್ಪಿನಲ್ಲೇ ತೆಗೆದು, ಕೆಂಪಾಗಬೇಕಿದ್ದ ಸಾಲುಗಳ ಸುತ್ತ ಆವರಣ ಚಿಹ್ನೆ ಹಾಕಿ ಕಳಿಸಿದ. ಮಂತ್ರಿಯಾದವರಿಗೆ ಅಷ್ಟೂ ತಿಳಿಯದೇ ಎಂದುಕೊಂಡ. ಹಳೆಯ ಮಂತ್ರಿಗಳು ಹೋಗಿ ಹೊಸಬರು ಬಂದು ಇನ್ನೂ ಕುರ್ಚಿ ಬಿಸಿಯಾಗಿರಲಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಮರುದಿನ ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತು ನೋಡುತ್ತಿದ್ದ. ಮಂತ್ರಿಗಳು ಸೊಗಸಾಗಿ ಓದುತ್ತಿದ್ದರು. ಅವರ ಕಂಠದಲ್ಲಿ ತನ್ನ ವಾಕ್ಯಗಳು ಎಷ್ಟು ಘನವಾಗಿ ಕೇಳುತ್ತವಲ್ಲ ಎಂದು ಉಬ್ಬಿಹೋಗಿದ್ದ. ಅಷ್ಟರಲ್ಲಿ ಹಿರಿಯ ಸದಸ್ಯೆ ಎದ್ದರು. ರಸ್ತೆಬದಿಯಲ್ಲಿ ಎಂಜಿನ್ ಬಿಚ್ಚಿ ಹೊಟ್ಟೆ ಹೊರೆಯುವ ಲಕ್ಷಾಂತರ ಜನ ಇದ್ದಾರೆ, ಅವರ ಗತಿಯೇನು ಎಂದು ಕೇಳಿದರು. ಮಂತ್ರಿಗಳು ಪುಟ ಹುಡುಕಿ, ಕನ್ನಡಕ ಸರಿಮಾಡಿಕೊಂಡರು.

"ಮಾನ್ಯ ಸಭಾಧ್ಯಕ್ಷರೇ, ಇದಕ್ಕೆ ನಮ್ಮ ಬಳಿ ಉತ್ತರವಿಲ್ಲ. ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯನ್ನೇ ಮತ್ತೊಮ್ಮೆ ಓದುವುದು. ಸದಸ್ಯರು ಬಿಡದಿದ್ದರೆ ಪರಿಸರದ ಬಗ್ಗೆ ಎರಡು ಮಾತಾಡುವುದು. ಇಲ್ಲಿ ನೀರು ಕುಡಿಯುವುದು."

ಮಂತ್ರಿಗಳು ಲೋಟ ಎತ್ತಿ ನೀರನ್ನೂ ಕುಡಿದರು.

ಸದನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಇಷ್ಟು ವರ್ಷದ ಸದಸ್ಯತ್ವದಲ್ಲಿ ಸರ್ಕಾರದಿಂದ ಇಷ್ಟು ನೇರವಾದ ಉತ್ತರ ಸಿಕ್ಕಿದ್ದು ಇದೇ ಮೊದಲು ಎಂದು ಹಿರಿಯ ಸದಸ್ಯೆ ಕೈಮುಗಿದರು. ಉತ್ತರಪ್ಪ ಭೂಮಿ ಬಾಯ್ಬಿಡಬಾರದೇ ಎಂದು ಕಾದ. ಅವನಿದ್ದದ್ದು ಮೇಲಿನ ಗ್ಯಾಲರಿಯಲ್ಲಿ, ಬಾಯ್ಬಿಟ್ಟರೂ ಮೊದಲು ಸಿಗುತ್ತಿದ್ದದ್ದು ಮಂತ್ರಿಗಳೇ. ಇಡೀ ಸರ್ವೀಸಿನಲ್ಲಿ ಬರೆದ ಒಂದೇ ಒಂದು ನಿಜ ದೇಶದ ಎಲ್ಲ ಟೀವಿಗಳಲ್ಲಿ ನೇರಪ್ರಸಾರವಾಗಿತ್ತು.

ಮಧ್ಯಾಹ್ನ ಕಾರ್ಯದರ್ಶಿಗಳು ಕರೆಸಿದರು. ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗದು, ಆವರಣ ಚಿಹ್ನೆಯೊಳಗೂ ಹಾಕಲಾಗದು. ಕೊನೆಗೆ ಅವನನ್ನು ರವಾನೆ ವಿಭಾಗಕ್ಕೆ ಹಾಕಿದರು. ಅಲ್ಲಿ ಲಕೋಟೆಗೆ ಗೋಂದು ಹಚ್ಚುವ ಕೆಲಸ. ಬರೆಯುವುದು ಬೇಡ, ಬಾಯಿ ಮುಚ್ಚುವುದಷ್ಟೇ, ನನಗೆ ಹೇಳಿ ಮಾಡಿಸಿದ ಜಾಗ ಎಂದು ಕ್ಯಾಂಟೀನಿನಲ್ಲಿ ಹೇಳಿ ನಗಿಸಲು ನೋಡಿದ. ಯಾರೂ ನಗಲಿಲ್ಲ. ಅವನಿಗೂ ನಗು ಬರಲಿಲ್ಲ. ಅಣ್ಣನಿಗೆ ಹೆಸರು ಬರೆಸಲು ಇನ್ನು ಎರಡೇ ದಿನ ಉಳಿದಿದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸಂಜೆ ಸ್ಕೂಟರನ್ನು ನೇರ ಅಂಗಡಿಗೆ ಬಿಟ್ಟ. ಪಕ್ಕದ ಚಹಾ ಅಂಗಡಿಯ ಟೀವಿಯಲ್ಲಿ ಮಂತ್ರಿಗಳು ಮತ್ತೆ ನೀರು ಕುಡಿಯುತ್ತಿದ್ದರು, ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಿದ್ದರು. ಅಣ್ಣ ಒಬ್ಬನೇ ಒಳಗೆ ಒಂದು ಎಂಜಿನ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

ಉತ್ತರಪ್ಪ ಹೆಲ್ಮೆಟ್ ಕೂಡ ತೆಗೆಯಲಿಲ್ಲ. "ಎಂಜಿನ್ ಕೆಲಸ ಹೋಗುತ್ತೆ ಅಣ್ಣ. ನನಗೆ ಮೊದಲೇ ಗೊತ್ತಿತ್ತು. ನಾಳೆನೇ ಡಿಪೋಗೆ ಹೋಗಿ ಹೆಸರು ಬರೆಸು."

ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಹೆಲ್ಮೆಟ್ಟಿನೊಳಗೆ ಅಳುವುದು ಎಂಥ ಫಜೀತಿ ಎಂಬುದು ಅವತ್ತು ಅವನಿಗೆ ತಿಳಿಯಿತು, ಮೂಗು ಒರೆಸಿಕೊಳ್ಳಲೂ ಕೈ ಹೋಗುವುದಿಲ್ಲ.

"ಬರೆಸಿ ಆಯ್ತು ಕಣೋ," ಅಂದ ಅಣ್ಣ, ತಲೆ ಎತ್ತದೆ. "ಹತ್ತು ದಿನ ಆಯ್ತು, ಬೆಳಿಗ್ಗೆ ಹೊತ್ತು ಹೋಗ್ತಾ ಇದೀನಿ. ಕೇಳದೇ ಇದ್ರೂ ಏನೂ ಆಗಲ್ಲ ಅಂತ ಬಾಗಿಲಲ್ಲಿ ನಿಂತು ಹೇಳಿದ್ಯಲ್ಲ, ಅವತ್ತೇ ಗೊತ್ತಾಯ್ತು. ನಿನ್ನನ್ನ ಎತ್ತಿ ಆಡಿಸಿದೋನು ನಾನು."

ಇಷ್ಟು ವರ್ಷ ತಾನು ಬರೆದದ್ದು ಯಾರಿಗೂ ಅರ್ಥವಾಗುವುದಿಲ್ಲ ಎಂದು ಹೆಮ್ಮೆಪಟ್ಟವನು ಪೆಚ್ಚಾಗಿ ನಿಂತ. ಮತ್ತೆ ನನಗೆ ಯಾಕೆ ಹೇಳಲಿಲ್ಲ ಎಂದು ಗೊಣಗಿದ.

"ನೀನು ಹೇಳಿದ್ಯಾ?" ಅಣ್ಣ ಈಗ ಅವನ ಮುಖ ನೋಡಿದ. "ಮೊದಲನೇ ದಿನ ಗೇಟಿನ ಹತ್ರ ಹೋಗಿ ಎರಡು ಸಲ ವಾಪಸ್ ತಿರುಗಿದೆ ಕಣೋ. ಅಲ್ಲಿ ಪಾಠ ಹೇಳೋರೆಲ್ಲ ನಮ್ಮ ಮಕ್ಕಳ ವಯಸ್ಸಿನೋರು. ನೀನು ಹೋಗು ಅಂತ ಬಾಯಿಬಿಟ್ಟು ಹೇಳಿದ್ದಿದ್ರೆ, ನೀನೂ ಬಾ ಅಂತ ಕರೀತಿದ್ದೆ. ಗೇಟಿನ ತನಕ ಆದ್ರೂ."

ಕಾರ್ಯದರ್ಶಿಗಳ ಅಷ್ಟೂ ಬೈಗುಳ ಒಂದು ತೂಕ, ಈ ಮಾತು ಒಂದು ತೂಕ. ಉತ್ತರಪ್ಪ ಕೊನೆಗೂ ಹೆಲ್ಮೆಟ್ ತೆಗೆದು, ಅಂಗಿಯ ತೋಳಲ್ಲಿ ಮುಖ ಒರೆಸಿಕೊಂಡು, ನಾಳೆ ಬರಲಾ ಎಂದು ಕೇಳಿದ.

ಅಣ್ಣ ಒಂದು ಬೋಲ್ಟು ಬಿಗಿ ಮಾಡಿ, ಪಾನಾ ಕೆಳಗಿಟ್ಟ.

"ಬಾ. ನಾಳೆ ಪರೀಕ್ಷೆ ಇಟ್ಟಿದ್ದಾರೆ. ಉತ್ತರ ಮಾತ್ರ ಹೇಳಿಕೊಡಬೇಡ."