ಅಜ್ಜಿಯ ಹೊರಡುವ ಸೀರೆ

ಒಣಬೇವಿನ ಎಲೆಯೂ ಸಾಂಬ್ರಾಣಿಯೂ ಒಟ್ಟಿಗೆ ಮೂಗಿಗೆ ತಾಗಿದರೆ ಈಗಲೂ ನಾನು ಇದ್ದಲ್ಲೇ ಕೂತುಬಿಡುತ್ತೇನೆ. ಮಂಡಿನೋವು ಎಂದು ಮನೆಯವರು ತಿಳಿಯುತ್ತಾರೆ, ನಾನೂ ಹೌದೆನ್ನುತ್ತೇನೆ. ಅದು ಶಿಕಾರಿಪುರದ ನಮ್ಮ ಮನೆಯಲ್ಲಿದ್ದ ಹಸಿರು ಟ್ರಂಕಿನ ವಾಸನೆ. ನಿಮ್ಮ ಮನೆಯಲ್ಲೂ ಅಂಥದೊಂದು ಟ್ರಂಕು ಇದ್ದೀತು, ಈಗ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲದ್ದು. ನಮ್ಮದರ ತಳದಲ್ಲಿ ಅಜ್ಜಿಯ ಹೊರಡುವ ಸೀರೆ ಇರುತ್ತಿತ್ತು. ಅಂಚಿಲ್ಲದ ಬಿಳಿ ಹತ್ತಿ ಸೀರೆ. ಸೆರಗಿನ ಮೂಲೆಯಲ್ಲಿ ಅಜ್ಜಿಯೇ ಕೆಂಪು ದಾರದಲ್ಲಿ ಹಾಕಿದ, ಉಗುರಿನಷ್ಟು ಪುಟ್ಟ ಶಿಲುಬೆ. ಸತ್ತಾಗ ತನಗೆ ಉಡಿಸಲೆಂದು ತಾತ ತೀರಿಕೊಂಡ ವರ್ಷವೇ ತೆಗೆದಿಟ್ಟದ್ದು. ಪ್ರತಿ ನವೆಂಬರಿನಲ್ಲಿ, ಸತ್ತವರ ಹಬ್ಬದ ದಿನ, ಅದನ್ನು ಅಂಗಳದ ತಂತಿಗೆ ಹಾಕಿ, ಪಕ್ಕದಲ್ಲಿ ಮಣೆ ಹಾಕಿಕೊಂಡು ಜಪಸರ ಹಿಡಿದು ಕೂರುತ್ತಿದ್ದಳು. ಎದುರುಮನೆಯ ಬಸಕ್ಕ ಕುರಿ ಹೊಡೆದುಕೊಂಡು ಹೋಗುತ್ತ ನಿಲ್ಲುತ್ತಿದ್ದಳು.

“ಏನ್ರೀ ಅನ್ನಮ್ಮಾರೆ, ಈ ವರ್ಷನೂ ಹೋಗ್ಲಿಲ್ಲೇನ್ರೀ?”

“ಬಟ್ಟೆ ರೆಡಿ ಐತೆ ಬಸಕ್ಕ, ಬಸ್ಸೇ ಬಂದಿಲ್ಲ.”

“ಹೋಗೋಕಿಂತ ಮುಂಚೆ ನನ್ನ ಕುರಿ ನಿಮ್ಮ ಬಳ್ಳಿ ಮೇದಿದ್ದು ಮಾಫಿ ಮಾಡ್ರಿ ಮತ್ತೆ.”

“ಕುರಿಗೆ ಮಾಫಿ ಮಾಡೀನಿ. ನಿಂಗಲ್ಲ.”

ಐವತ್ತರ ದಶಕದ ಕೊನೆ, ನನಗೆ ಒಂಬತ್ತು. ಆ ವರ್ಷ ಅಜ್ಜಿಯ ಕೆಮ್ಮು ಬಿಡಲಿಲ್ಲ. ಡಾಕ್ಟರು ಬಾಗಿಲಾಚೆ ಅಪ್ಪನ ಹತ್ತಿರ ಏನೋ ಮೆಲ್ಲಗೆ ಹೇಳಿ ಹೋದರು. ಸೀರೆ ಮಡಿಸುತ್ತ ಅಜ್ಜಿ, “ಮುಂದಿನ ವರ್ಷ ಇದನ್ನ ಒಣಗಿಸೋ ಕೆಲಸ ಇರಲ್ಲ ಕಣೆ ಲಿಲ್ಲಿ” ಎಂದಳು. ಸೊರಬದಲ್ಲಿದ್ದ ನನ್ನ ಅತ್ತೆಯ ಮನೆಗೆ ಹೊರಟವಳಷ್ಟು ಹಗುರವಾಗಿ. ಬರುವ ಕ್ರಿಸ್ಮಸ್ಸಿಗೆ ಆ ಅತ್ತೆಯ ಮನೆಯ ಪಡಸಾಲೆಯಲ್ಲೇ, ಫಾದರ್ ಬಂದು ಪೂಜೆ ಮಾಡುವಾಗ, ನನಗೆ ಫಸ್ಟ್ ಕಮ್ಯುನಿಯನ್, ಬಿಳಿ ಫ್ರಾಕು ತೊಟ್ಟು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವುದು. ಅದಕ್ಕಾಗಿ ಅಜ್ಜಿ ದಿನವೂ ಪಾಠ ಹೇಳಿಕೊಡುತ್ತಿದ್ದಳು. ಮನುಷ್ಯ ಹುಟ್ಟಿದ್ದು ಯಾಕೆ ಎಂದು ಕೇಳಿದರೆ, ದೇವರನ್ನು ಅರಿತು, ಪ್ರೀತಿಸಿ, ಕೊನೆಗೆ ಅವನ ಹತ್ತಿರ ಹೋಗಲು ಎಂಬ ಉತ್ತರವನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದೆ. ಆದರೆ ನಮ್ಮಜ್ಜಿ ಯಾಕೆ ಸಾಯಬೇಕು ಎಂಬುದು ಆ ಪಾಠದಲ್ಲಿ ಇರಲಿಲ್ಲ. ಸೀರೆ ಇಲ್ಲದಿದ್ದರೆ ಹೊರಡಲಾರಳು. ಅಷ್ಟೇ ನನ್ನ ಲಾಜಿಕ್. ಸೀರೆಯನ್ನು ಟ್ರಂಕಿನಿಂದ ತೆಗೆದು ಸ್ಕೂಲ್ ಚೀಲಕ್ಕೆ ತುರುಕಿಕೊಂಡು, ಬಚ್ಚಿಡಲು ಬೇರೆಲ್ಲೂ ತೋಚದೆ, ನಮ್ಮ ಬೀದಿಯ ದರ್ಜಿ ಬಾಷಾಸಾಬರ ಅಂಗಡಿಗೆ ಹೋದೆ. ನನ್ನ ಫ್ರಾಕಿಗೆ ಬಿಳಿ ಬಟ್ಟೆ ಕಳಿಸುತ್ತೇನೆಂದು ಅಮ್ಮ ಅವರಿಗೆ ಮೊದಲೇ ಹೇಳಿಟ್ಟಿದ್ದರಂತೆ.

“ಬಂತೇನವ್ವಾ ಬಟ್ಟಿ? ಕೈ ಚಾಚು ನೋಡೋಣ. ಸೊರಬದಾಗ ರಾಣಿ ಹಂಗ ಕಾಣಬೇಕು ನೀನು.”

ಅಲ್ಲ, ಇದು ಅದಲ್ಲ ಎನ್ನಬಹುದಿತ್ತು. ಕತ್ತರಿ ಮೇಜಿನ ಮೇಲಿತ್ತು, ನನಗೆ ಕಾಣುತ್ತಿತ್ತು. ನಾನು ಎರಡೂ ಕೈ ಚಾಚಿ ಅಳತೆಗೆ ನಿಂತೆ.

ಮೂರನೆಯ ದಿನ ಮಧ್ಯಾಹ್ನ ಬಾಷಾಸಾಬರೇ ಮನೆಗೆ ಬಂದರು. ಕತ್ತರಿಸಿದ ಮೇಲೆ ಕೊನೆಯ ಮಡಿಕೆ ಬಿಚ್ಚಿದಾಗ ಕೆಂಪು ಶಿಲುಬೆ ಕಂಡಿತ್ತು. ವರ್ಷವರ್ಷವೂ ತಂತಿಯ ಮೇಲೆ ನೋಡಿದ ಸೀರೆ ಅವರಿಗೂ ಗೊತ್ತಿತ್ತು. ಒಂದು ಕೈಯಲ್ಲಿ ಬಟ್ಟೆಯ ತುಂಡುಗಳು, ಇನ್ನೊಂದರಲ್ಲಿ ಒಂದು ಗಂಟು. “ತಪ್ಪಾತ್ರೀ ಅಮ್ಮಾರೆ, ನಿಮ್ಮ ಕಡೀ ಬಟ್ಟಿಗೆ ಕತ್ತರಿ ಹಾಕಿಬಿಟ್ಟೆ. ಇದು ನನ್ನ ಕಫನ್, ನಾ ಸತ್ರ ಹೊದಿಸೋ ಬಟ್ಟಿ, ಅಬ್ಬಾ ಹಜ್‌ನಿಂದ ತಂದಿದ್ದು. ನೀವು ಇಟ್ಕೊಳ್ರಿ.” ಬಟ್ಟೆ ತಂದವಳು ನಾನೆಂದು ಹೇಳಲೇ ಇಲ್ಲ. ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ.

“ಅಲ್ರೀ ಸಾಬ್ರೆ, ಮತ್ತೆ ನೀವೇನು ಹೊದ್ಕೊಂಡು ಹೋಗ್ತೀರಿ, ಮಷೀನಿನ ಕವರ್ರೇ?” ಎಂದಳು ಅಜ್ಜಿ. ಅವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ನನಗೆ ತಡೆಯಲಾಗಲಿಲ್ಲ. ನಾನೇ ಕದ್ದೆ, ನೀನು ಹೋಗಬಾರದು ಅಂತ ಕದ್ದೆ ಎಂದು ಕೂಗಿ ಅತ್ತುಬಿಟ್ಟೆ. ಅಜ್ಜಿ ಆ ತುಂಡುಗಳನ್ನು ಮಡಿಲಲ್ಲಿ ಹರವಿ ಒಂದೊಂದಾಗಿ ಸವರಿದಳು. ಅವಳ ಮುಖದಲ್ಲಿ ಅಷ್ಟು ದಣಿವನ್ನು ನಾನು ಕಂಡದ್ದು ಅಂದೇ.

“ಇಷ್ಟು ವರ್ಷ ಈ ಸೀರೆ ಕಾದೆ ಲಿಲ್ಲಿ. ಹುಳ ತಿಂತೇನೋ, ಹಳದಿ ಆಯ್ತೇನೋ ಅಂತ. ಹೋಗೋದು ಯಾರ ಹತ್ರಕ್ಕೆ ಅನ್ನೋದನ್ನ ಅಷ್ಟು ನೆನಸಿದ್ನೋ ಇಲ್ವೋ.” ಆಮೇಲೆ ಕಫನ್ನಿನ ಗಂಟಿನ ಜೊತೆ ತುಂಡುಗಳನ್ನೂ ಸಾಬರ ಕೈಗೆ ಕೊಟ್ಟಳು. “ಲಿಲ್ಲಿಗೆ ಫ್ರಾಕು ಹೊಲೀರಿ. ಶಿಲುಬೆ ಮಾತ್ರ ಒಳಗಡೆ, ಎದೆ ಹತ್ರ ಬರ್ಲಿ.”

ಸೊರಬದ ಪಡಸಾಲೆಯಲ್ಲಿ ಮೊಣಕಾಲೂರಿದಾಗ ಆ ದಾರದ ಗಂಟು ಎದೆಗೆ ಸಣ್ಣಗೆ ಚುಚ್ಚುತ್ತಿತ್ತು. ಹಿಂದೆ ಚಾಪೆಯ ಮೇಲೆ ಅಜ್ಜಿಯ ಕೆಮ್ಮು. ಈಸ್ಟರಿಗೆ ಮುಂಚೆಯೇ ಅವಳು ಹೊರಟುಹೋದಳು, ದಿನ ಉಡುತ್ತಿದ್ದ ನೀಲಿ ಸೀರೆಯಲ್ಲೇ. ಬೇರೆ ಕೊಳ್ಳಕೂಡದೆಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. ಬಾಷಾಸಾಬರು ಟೋಪಿ ಸರಿಮಾಡಿಕೊಳ್ಳುತ್ತ ಗುಂಡಿಯವರೆಗೂ ಬಂದು ಮಣ್ಣು ಹಾಕಿದರು.

ಆಮೇಲೆ ಕಾನ್ವೆಂಟು, ಕೆಲಸ, ಮದುವೆ, ಟ್ರಾನ್ಸ್‌ಫರ್‌ಗಳು. ಈಗ ಬೀರುವಿನಲ್ಲಿ ಒಂದೊಂದು ಫಂಕ್ಷನ್ನಿಗೂ ಒಂದೊಂದು ಸೀರೆ ಇದೆ. ಅಜ್ಜಿಯ ಜಪಸರ ನನ್ನ ಕೈಯಲ್ಲಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಮನಸ್ಸು ಗ್ಯಾಸ್ ಸಿಲಿಂಡರಿನ ಕಡೆಗೆ ಹೋಗಿರುತ್ತದೆ. ಹೊರಟದ್ದು ಎಲ್ಲಿಗೆಂದು ಅಷ್ಟು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದವಳು, ದಾರಿಯುದ್ದಕ್ಕೂ ಮರೆಯುತ್ತ ಬಂದಿದ್ದೇನೆ. ಐ ಆಮ್ ಟೈರ್ಡ್, ಅಷ್ಟೇ ಹೇಳಬಲ್ಲೆ.

ಕಳೆದ ನವೆಂಬರಿನಲ್ಲಿ ಆ ಫ್ರಾಕನ್ನು ತಾರಸಿಯ ತಂತಿಗೆ ಹಾಕಿದೆ. ಬಟ್ಟೆ ಹಳದಿಯಾಗಿದೆ, ಒಳಗಿನ ಕೆಂಪು ಹಾಗೇ ಇದೆ. ಈ ವರ್ಷವೂ ಹೋಗಲಿಲ್ಲವೇ ಎಂದು ಕೇಳಲು ಇಲ್ಲಿ ಯಾರೂ ಇಲ್ಲ. ತೆಗೆದು ಮಡಿಸುವ ಮುಂಚೆ, ಯಾಕೋ, ಅಳತೆಗೆ ನಿಂತವಳಂತೆ ಎರಡೂ ಕೈ ಚಾಚಿದೆ. ಭುಜ ನೋಯಿತು. ಆದರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.