ನವಣೆ ಬಿಯರೂ ನೀಲಮ್ಮನ ಎಮ್ಮೆಯೂ

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಜೀವ ಬಾಯಿಗೆ ಬಂದಿತ್ತು.

ನಿನ್ನೆ ಮನೆಯಲ್ಲಿ ಬಿಯರ್ ಮಾಡಲು, ಮೊಳಕೆ ಬರಿಸಿ ಒಣಗಿಸಿದ ನವಣೆಯನ್ನು ಬಿಸಿನೀರಿನಲ್ಲಿ ನೆನೆಸಿದ್ದೆ. ಸಿಹಿ ನೀರನ್ನು ಸೋಸಿಕೊಂಡು, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿದೆ. ಸೋಸಿ ಉಳಿದ ನವಣೆಯನ್ನು ಎಸೆಯಲು ಮನಸ್ಸಾಗದೆ ಪಕ್ಕದ ಮನೆ ನೀಲಮ್ಮನ ಎಮ್ಮೆಗೆ ಹಾಕಿಬಂದಿದ್ದೆ.

ಇವತ್ತು ನಾನು ಹಲ್ಲುಜ್ಜುವ ಮೊದಲೇ ನೀಲಮ್ಮ ಬಾಗಿಲಲ್ಲಿ ನಿಂತಿದ್ದರು.

“ತಮ್ಮಾ, ನಮ್ಮ ಎಮ್ಮಿಗೆ ಏನ್ ಹಾಕಿದ್ಯಪಾ? ನಿನ್ನಿ ಸಂಜಿಯಿಂದ ಹುಲ್ಲು ಮೂಸಿನೂ ನೋಡವಲ್ದು.”

ಅವರ ಮನೆ ನಡೆಯುವುದೇ ಆ ಎಮ್ಮೆಯ ಹಾಲಿನಿಂದ.

“ಬರೇ ನವಣಿ ಅಕ್ಕಾ. ಡಾಕ್ಟರನ್ನ ಕರಕೊಂಡು ಬರ್ಲೇನು?”

“ಡಾಕ್ಟರ್ ಯಾಕ? ಅದಕ್ಕ ಆ ನವಣಿನೇ ಬೇಕಂತ. ನಿಮ್ಮ ಮನಿ ಕಡಿ ನೋಡಿಕೋಂತ ಒದರಾಕ ಹತ್ತೈತಿ. ಮತ್ತ ಯಾವಾಗ ಮಾಡ್ತಿ ಹೇಳು.”

ಹೋದ ಜೀವ ಬಂತು.

ಹೋದ ಸಲ ನನ್ನ ಬಿಯರ್ ಕುಡಿದು ‘ಬೇವಿನ ಕಷಾಯ’ ಎಂದ ಬಳ್ಳಾರಿ ಗೆಳೆಯರ ಗಮನಕ್ಕೆ: ನಮ್ಮ ಸಿರುಗುಪ್ಪದಲ್ಲಿ ರುಚಿ ಬಲ್ಲವರಿದ್ದಾರೆ. ಎರಡು ಕೊಂಬಿವೆ, ಅಷ್ಟೇ.